ಎರಡು ಕಡಲ ನಗರಗಳ ತಕರಾರು

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ರಜೆಯಲ್ಲಿ ಊರಿಗೆ ಬಂದಾಗ ಆಡುವ ಎರಡು ಮಾತುಗಳನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಮೊದಲನೆಯದು: "ಸರ್, ಸ್ಯಾನ್ ಡಿಯೇಗೊ ಎಂದರೆ ಸ್ವರ್ಗ. ವರ್ಷವಿಡೀ ಎಪ್ಪತ್ತೆರಡು ಡಿಗ್ರಿ." ಎರಡನೆಯದು: "ಸ್ಯಾನ್ ಫ್ರಾನ್ಸಿಸ್ಕೊ ನೋಡಲಿಕ್ಕೆ ಚಂದ, ಇರಲಿಕ್ಕಲ್ಲ. ಬರೀ ಮಂಜು, ಬರೀ ಚಳಿ." ಈ ಮಾತುಗಳನ್ನು ಆಡುವವರು ಇಂಜಿನಿಯರುಗಳು, ವೈದ್ಯರು, ಅಂಕಿಸಂಖ್ಯೆಗಳಲ್ಲೇ ಅನ್ನ ಕಾಣುವವರು. ಹವೆಯ ವಿಷಯಕ್ಕೆ ಬಂದೊಡನೆ ಮಾತ್ರ ಅವರು ಒಂದೇ ಒಂದು ಸರಾಸರಿ ಅಂಕಿಯನ್ನು ಹಿಡಿದುಕೊಂಡು ತೀರ್ಪು ಕೊಟ್ಟುಬಿಡುತ್ತಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಒಮ್ಮೆ ವಿವರವಾಗಿ ಬರೆದಿಟ್ಟರೆ ಮುಂದೆ ಮದುವೆಮನೆಗಳ ಊಟದ ಪಂಕ್ತಿಯಲ್ಲಿ ವಾದ ಮಾಡುವ ಶ್ರಮ ತಪ್ಪೀತೆಂಬ ಆಸೆಯಿಂದ ಈ ಲೇಖನ.

ಈ ಚರ್ಚೆ ಬರಿಯ ಹರಟೆಯಲ್ಲ. ನನ್ನ ಅಕ್ಕನಿಗೆ ಎಪ್ಪತ್ತು ದಾಟಿತು. ಭಾವ ತೀರಿಕೊಂಡ ಮೇಲೆ ಊರಿನ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಗ ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ, ಮಗಳು ಸ್ಯಾನ್ ಫ್ರಾನ್ಸಿಸ್ಕೊದ ಸನ್‌ಸೆಟ್ ಬಡಾವಣೆಯಲ್ಲಿ. ತಾಯಿಯನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಳ್ಳಬೇಕೆಂದು ಇಬ್ಬರಿಗೂ ಆಸೆ. ಎಲ್ಲಿಗೆ ಎಂಬುದೇ ತಕರಾರು. "ಮಾವ, ನೀವು ಭೂಗೋಳ ಕಲಿಸಿದವರು, ನೀವೇ ಹೇಳಿ" ಎಂದು ಇಬ್ಬರೂ ಬೇರೆ ಬೇರೆಯಾಗಿ ದೂರವಾಣಿ ಮಾಡಿದರು. ಸೋದರಳಿಯನ ವಾದ ಅದೇ ಎಪ್ಪತ್ತೆರಡು ಡಿಗ್ರಿ. ಸೊಸೆಗೆ ಪಾಪ, ತನ್ನ ಊರಿನ ಪರವಾಗಿ ಹೇಳಲು ಒಂದು ಅಂಕಿಯೂ ತಿಳಿದಿರಲಿಲ್ಲ.

ಮೊದಲು ಪಠ್ಯಪುಸ್ತಕದ ವಿಷಯ. ಪ್ರೌಢಶಾಲೆಯ ಪುಸ್ತಕಗಳಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಗೆಲ್ಲ ಒಂದೇ ಹಣೆಪಟ್ಟಿ: ಮೆಡಿಟರೇನಿಯನ್ ವಾಯುಗುಣ, ಒಣ ಬೇಸಿಗೆ, ಮಳೆಯ ಚಳಿಗಾಲ. ಒಣ ಬೇಸಿಗೆ ಎಂಬುದು ನಿಜ. "ಬಿಸಿಯಾದ" ಎಂಬ ಒಂದು ವಿಶೇಷಣವನ್ನು ಅದಕ್ಕೆ ಅಂಟಿಸಿದೊಡನೆ ಪಟ್ಟಿ ಸುಳ್ಳಾಗುತ್ತದೆ. ಜುಲೈ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 19 ಡಿಗ್ರಿ ಸೆಲ್ಸಿಯಸ್, ಕನಿಷ್ಠ ಸುಮಾರು 13. ಅದೇ ದಿನ ಒಳನಾಡಿನ ಲಿವರ್‌ಮೋರ್ ಪಟ್ಟಣದಲ್ಲಿ 32 ಇರುತ್ತದೆ. ಇವೆರಡರ ನಡುವೆ ಅಂತರವಾದರೂ ಎಷ್ಟು? ಉಡುಪಿಯಿಂದ ಮಂಗಳೂರಿಗಿರುವಷ್ಟು! ಸ್ಯಾನ್ ಡಿಯೇಗೊದಲ್ಲಿ ಆಗಸ್ಟ್ ತಿಂಗಳ ಗರಿಷ್ಠ ಸುಮಾರು 25, ಜನವರಿಯದು 19. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನವರಿಯ ಗರಿಷ್ಠ 14. ಹೀಗಾಗಿ ಸ್ಯಾನ್ ಡಿಯೇಗೊದ ಚಳಿಗಾಲವೂ ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆಯೂ ಹಗಲಿನ ಮಟ್ಟಿಗೆ ಸರಿಸಮ. ಒಂದೇ ರಾಜ್ಯದ, ಒಂದೇ ಕಡಲಿನ, ಒಂದೇ ಹಣೆಪಟ್ಟಿಯ ಎರಡು ಊರುಗಳ ಸ್ಥಿತಿ ಇದು.

ಕಾರಣವೇನು? ಅಕ್ಷಾಂಶ ಎಂದು ಥಟ್ಟನೆ ಉತ್ತರ ಬರುತ್ತದೆ. ಸ್ಯಾನ್ ಡಿಯೇಗೊ 32 ಡಿಗ್ರಿ 43 ನಿಮಿಷ, ಸ್ಯಾನ್ ಫ್ರಾನ್ಸಿಸ್ಕೊ 37 ಡಿಗ್ರಿ 46 ನಿಮಿಷ. ಐದು ಡಿಗ್ರಿಯ ಈ ವ್ಯತ್ಯಾಸ ಕಡಿಮೆಯೇನಲ್ಲ. ಆದರೆ ಹೆಚ್ಚಿನ ಕೆಲಸ ಮಾಡುವುದು ಕಡಲು. ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಸಾಗರದ ಮೇಲೆ ಅಧಿಕ ಒತ್ತಡದ ವಲಯವೊಂದು ಬಲವಾಗಿ ಬೀಡುಬಿಡುತ್ತದೆ. ಅದರಿಂದ ಹೊರಡುವ ವಾಯವ್ಯ ಮಾರುತಗಳು ಕರಾವಳಿಯ ಉದ್ದಕ್ಕೂ ಬೀಸುತ್ತ, ಭೂಭ್ರಮಣದ ಪ್ರಭಾವದಿಂದ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿಬರುತ್ತದೆ. ಆದ್ದರಿಂದಲೇ ಕಡುಬೇಸಿಗೆಯಲ್ಲೂ ಸ್ಯಾನ್ ಫ್ರಾನ್ಸಿಸ್ಕೊದ ಕಡಲ ನೀರು 12ರಿಂದ 15 ಡಿಗ್ರಿ. ನಮ್ಮ ಮಲ್ಪೆಯ ಕಡಲು 28ರಿಂದ 30 ಡಿಗ್ರಿ ಇರುವುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ತೇವಭರಿತ ಗಾಳಿ ಆ ತಣ್ಣೀರಿನ ಮೇಲೆ ಹಾಯುವಾಗ ಮಂಜಾಗುತ್ತದೆ. ಒಳನಾಡಿನ ದೊಡ್ಡ ಕಣಿವೆ ಬಿಸಿಲಿಗೆ ಕಾದು, ಅಲ್ಲಿಯ ಗಾಳಿ ಹಗುರಾಗಿ ಮೇಲೇರಿ, ಕಡಲ ಗಾಳಿಯನ್ನು ತನ್ನತ್ತ ಎಳೆಯುತ್ತದೆ. ಕರಾವಳಿಯ ಬೆಟ್ಟಸಾಲಿನಲ್ಲಿ ಸಮುದ್ರಮಟ್ಟದ ಕಂಡಿ ಇರುವುದು ಗೋಲ್ಡನ್ ಗೇಟಿನಲ್ಲಿ. ಮಂಜು ಆ ಬಾಗಿಲಿನಿಂದಲೇ ನುಗ್ಗುತ್ತದೆ. ಒಳನಾಡು ಎಷ್ಟು ಕಾದರೆ ನಗರ ಅಷ್ಟು ತಂಪು. ಅಡುಗೆಮನೆಯಲ್ಲಿ ಒಲೆ ಉರಿದಷ್ಟೂ ಜಗಲಿಯ ಗಾಳಿ ಒಳಗೆ ಸೆಳೆಯಲ್ಪಡುವುದಿಲ್ಲವೇ, ಹಾಗೆ.

ದಕ್ಷಿಣದಲ್ಲಿ ಈ ವ್ಯವಸ್ಥೆ ಬದಲಾಗುತ್ತದೆ. ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರದ ಬಳಿ ಕರಾವಳಿಯ ಗೆರೆ ಥಟ್ಟನೆ ಪೂರ್ವಕ್ಕೆ ತಿರುಗುತ್ತದೆ. ತಣ್ಣನೆಯ ಪ್ರವಾಹ ನೇರವಾಗಿ ದಕ್ಷಿಣಕ್ಕೆ ಹರಿದುಹೋಗುತ್ತದೆ, ಒಳಬಾಗಿದ ದಡದ ನೀರು ಅದರ ಮರೆಯಲ್ಲಿ ಬೆಚ್ಚಗಾಗುತ್ತದೆ. ಸ್ಯಾನ್ ಡಿಯೇಗೊದ ಕಡಲು ಬೇಸಿಗೆಯಲ್ಲಿ 20 ಡಿಗ್ರಿಯ ಆಸುಪಾಸಿಗೆ ಏರುವುದು ಇದರಿಂದ. ಹಾಗೆಂದು ಅಲ್ಲಿ ಮೋಡವೇ ಇಲ್ಲವೆಂದು ತಿಳಿಯಬೇಡಿ. ಮೇ, ಜೂನ್ ತಿಂಗಳುಗಳಲ್ಲಿ ಕಡಲಂಚಿನ ಬಡಾವಣೆಗಳಲ್ಲಿ ಮಧ್ಯಾಹ್ನದವರೆಗೂ ಸೂರ್ಯದರ್ಶನವಿಲ್ಲ. ಅದಕ್ಕೆ ಅವರೇ "ಮೇ ಗ್ರೇ", "ಜೂನ್ ಗ್ಲೂಮ್" ಎಂದು ಹೆಸರಿಟ್ಟಿದ್ದಾರೆ. ರಜೆಗೆ ಬಂದವರ ಬಾಯಲ್ಲಿ ಈ ಹೆಸರುಗಳನ್ನು ನಾನು ಒಮ್ಮೆಯೂ ಕೇಳಿಲ್ಲ.

ಈಗ "ಹಿತ" ಎಂಬ ಮಾತಿಗೆ ಬರೋಣ. ಹಿತವಾದ ವಾಯುಗುಣವೆಂದರೆ ಏರಿಳಿತ ಕಡಿಮೆ ಇರುವುದು ಎಂದು ನೀವೇ ಹೇಳುತ್ತೀರಿ. ಒಳ್ಳೆಯದು, ಅದೇ ಅಳತೆಗೋಲನ್ನು ಹಿಡಿಯೋಣ. ಅತ್ಯಂತ ತಂಪಾದ ತಿಂಗಳಿಗೂ ಅತ್ಯಂತ ಬೆಚ್ಚನೆಯ ತಿಂಗಳಿಗೂ ಇರುವ ಅಂತರ ಸ್ಯಾನ್ ಡಿಯೇಗೊದಲ್ಲಿ ಸುಮಾರು 8 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರೂವರೆಯ ಆಸುಪಾಸು. ನಿಮ್ಮದೇ ಅಳತೆಯಲ್ಲಿ ಗೆದ್ದದ್ದು ಯಾವುದು? ನೀವು ಹುಡುಕುತ್ತಿರುವುದು ಸಮತೆಯನ್ನಲ್ಲ, ಬಿಸಿಲನ್ನು. ಬಿಸಿಲು ಬೇಕೆಂದರೆ ಬಿಸಿಲು ಬೇಕೆನ್ನಿ, ತಪ್ಪೇನೂ ಇಲ್ಲ. ಅದಕ್ಕೆ "ಜಗತ್ತಿನ ಅತ್ಯುತ್ತಮ ವಾಯುಗುಣ" ಎಂಬ ಕಿರೀಟ ತೊಡಿಸುವುದು ಮಾತ್ರ ಬೇಡ.

ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆಯ ಚಳಿಯನ್ನು ಹಳಿಯುವ ಒಂದು ಚಾಟೂಕ್ತಿ ಮಾರ್ಕ್ ಟ್ವೇನನ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಅಂಗಿಗಳ ಮೇಲೆಯೂ ಅದನ್ನು ಅಚ್ಚುಹಾಕಿ ಮಾರುತ್ತಾರೆ. ಅವನ ಯಾವ ಬರಹದಲ್ಲಿಯೂ ಅದು ಸಿಕ್ಕಿಲ್ಲವೆಂಬುದನ್ನು ಬಲ್ಲವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮಲ್ಲಿ ಯಾರೋ ಕಟ್ಟಿದ ವಚನಕ್ಕೆ ಸರ್ವಜ್ಞನ ಅಂಕಿತ ಬೀಳುವಂತೆ, ಅಷ್ಟೆ.

ಇನ್ನೊಂದು ವಿಚಾರ. "ನಾವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದೇವೆ" ಎನ್ನುವ ನಮ್ಮವರಲ್ಲಿ ಹೆಚ್ಚಿನವರು ಇರುವುದು ಫ್ರೀಮಾಂಟಿನಲ್ಲಿ, ಸನ್ನಿವೇಲಿನಲ್ಲಿ, ಸ್ಯಾನ್ ಹೋಸೆಯಲ್ಲಿ, ಸ್ಯಾನ್ ರಾಮೋನಿನಲ್ಲಿ. ಅವು ಕೊಲ್ಲಿಯ ಅಥವಾ ಬೆಟ್ಟದ ಮರೆಯ ಊರುಗಳು, ಅವುಗಳ ಹವೆಯೇ ಬೇರೆ. ಸ್ಯಾನ್ ಹೋಸೆಯ ಜುಲೈ ಗರಿಷ್ಠ 28 ಡಿಗ್ರಿ ದಾಟಲು ಹಿಂಜರಿಯುವುದಿಲ್ಲ. ಹಾಗೆಯೇ ಸ್ಯಾನ್ ಡಿಯೇಗೊದ ಆ ಮೆಚ್ಚಿನ ಅಂಕಿಗಳೆಲ್ಲ ಕೊಲ್ಲಿಯ ಅಂಚಿನಲ್ಲಿರುವ ವಿಮಾನನಿಲ್ದಾಣದ ಅಂಕಿಗಳು. ನಮ್ಮವರ ಮನೆಗಳು ಅಲ್ಲಿಂದ ಮೂವತ್ತು ಕಿಲೋಮೀಟರಿಗೂ ಆಚೆ, ಒಳನಾಡಿನ ದಿಣ್ಣೆಗಳ ಮೇಲೆ. 2018ರ ಆಗಸ್ಟಿನಲ್ಲಿ ನಾನೂ ಮನೆಯಾಕೆಯೂ ಸೋದರಳಿಯನ ಮನೆಯಲ್ಲಿ ಮೂರು ವಾರ ಇದ್ದೆವು. ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಕಿಟಕಿ ಮುಚ್ಚಿ ತಂಪುಯಂತ್ರ ಹಾಕಿಕೊಂಡು ಕುಳಿತದ್ದಲ್ಲದೆ ಅಂಗಳಕ್ಕೆ ಇಳಿದ ನೆನಪಿಲ್ಲ. ಸ್ವರ್ಗದಲ್ಲಿ ಕಿಟಕಿ ಮುಚ್ಚಬೇಕಾಗುತ್ತದೆಂದು ಯಾವ ಪುರಾಣದಲ್ಲೂ ಓದಿಲ್ಲ. ಅದಕ್ಕೆ ಮೊದಲು ಜುಲೈಯಲ್ಲಿ ಸೊಸೆಯ ಮನೆಯಲ್ಲಿದ್ದಾಗ ನಿತ್ಯ ಬೆಳಿಗ್ಗೆ ಉಣ್ಣೆಯಂಗಿ ತೊಟ್ಟು ಕಡಲಂಚಿಗೆ ಹೋಗಿ, ನಾಲ್ಕು ಮೈಲಿ ನಡೆದು ಬರುತ್ತಿದ್ದೆ. ಒಂದು ದಿನವೂ ದಣಿವಾಗಲಿಲ್ಲ. ಈ ಮಾತನ್ನು ಹೇಳಿದರೆ "ಮಾವನಿಗೆ ಸೊಸೆಯ ಮೇಲೆ ಪಕ್ಷಪಾತ" ಎನ್ನುತ್ತಾರೆ.

ಆದರೆ ನನ್ನ ಮುಖ್ಯ ಆಕ್ಷೇಪ ಇದ್ಯಾವುದೂ ಅಲ್ಲ. ಮುಖ್ಯ ಪ್ರಶ್ನೆಯನ್ನು ಕೇಳಿದವಳು ಅಕ್ಕ. ಅವಳು ಓದಿದ್ದು ಏಳನೆಯ ತರಗತಿ. ಸ್ಯಾನ್ ಡಿಯೇಗೊದಲ್ಲಿ ವರ್ಷವಿಡೀ ಬೀಳುವ ಮಳೆ ಹತ್ತಿಂಚು, ಎಂದರೆ 250 ಮಿಲಿಮೀಟರು ಎಂದು ನಾನು ಹೇಳಿದಾಗ ಅವಳು ಬಾಳೆಲೆ ಒರೆಸುವುದನ್ನು ನಿಲ್ಲಿಸಿ ಕೇಳಿದಳು: "ಹತ್ತಿಂಚಾ? ಅದು ನಮ್ಮಲ್ಲಿ ಆಟಿಯ ಎರಡು ಮೂರು ದಿನದ ಮಳೆ. ಹಾಗಾದರೆ ಅವರಿಗೆ ಕುಡಿಯುವ ನೀರು ಎಲ್ಲಿಂದ?" ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಕಾಣುವ ನಮ್ಮ ಕರಾವಳಿಯವರಿಗೆ ಸಹಜವಾಗಿ ಹೊಳೆಯುವ ಪ್ರಶ್ನೆಯಿದು. ಹತ್ತು ಹದಿನೈದು ವರ್ಷ ಅಲ್ಲಿದ್ದವರಿಗೆ ಏಕೆ ಹೊಳೆಯಲಿಲ್ಲವೋ ನಾನರಿಯೆ.

ಸ್ಯಾನ್ ಡಿಯೇಗೊದ ಹವೆಯನ್ನು ಕೊಪ್ಪೆನ್ ಎಂಬ ವಿದ್ವಾಂಸನ ವರ್ಗೀಕರಣದಂತೆ ಲೆಕ್ಕಹಾಕಿದರೆ ಅದು ಅರೆಶುಷ್ಕ ವಾಯುಗುಣದ ಗಡಿಯಲ್ಲಿ ನಿಲ್ಲುತ್ತದೆ. ಇಷ್ಟು ದೊಡ್ಡ ಊರನ್ನು ಸಾಕುವ ನೀರು ಆ ನೆಲದಲ್ಲಿಲ್ಲ. 1947ರಲ್ಲಿ ಕೊಲರಾಡೊ ನದಿಯ ನೀರು ಮರುಭೂಮಿಯನ್ನು ದಾಟಿ, ಬೆಟ್ಟಗಳನ್ನು ಪಂಪುಗಳ ಬಲದಿಂದ ಹತ್ತಿ ಅಲ್ಲಿಗೆ ಬಂದು ತಲುಪಿತು. ಆ ನದಿಯನ್ನು ಹಂಚಿಕೊಳ್ಳುವುದು ಏಳು ರಾಜ್ಯಗಳು, ಜೊತೆಗೆ ಮೆಕ್ಸಿಕೊ ದೇಶ. 1922ರ ಹಂಚಿಕೆಯ ಒಪ್ಪಂದ ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರಿದೆಯೆಂದು ಎಣಿಸಿ ಬರೆದದ್ದು. ಕಾವೇರಿಯ ವ್ಯಾಜ್ಯವನ್ನು ನೋಡುತ್ತ ಬೆಳೆದ ನಮಗೆ ಇದರ ಮುಂದಿನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. 2015ರಲ್ಲಿ ಕಾರ್ಲ್ಸ್‌ಬಾಡ್ ಎಂಬಲ್ಲಿ ಕಡಲ ನೀರನ್ನೇ ಸಿಹಿನೀರು ಮಾಡುವ ಸ್ಥಾವರವನ್ನು ತೆರೆದರು. ದಿನಕ್ಕೆ 5 ಕೋಟಿ ಗ್ಯಾಲನ್, ಆ ಪ್ರದೇಶದ ಅಗತ್ಯದ ಹತ್ತನೆಯ ಒಂದು ಪಾಲಿನ ಸುಮಾರು. ಮೆಚ್ಚತಕ್ಕ ಸಾಹಸವೇ ಹೌದು. ಅದು ಮನುಷ್ಯನ ಸಾಹಸ. ಹವೆಯ ಕೊಡುಗೆ ಎಂದು ಅದನ್ನು ಬರೆದುಕೊಳ್ಳಬಾರದು.

ಇಲ್ಲಿ ಹ್ಯಾಟ್‌ಫೀಲ್ಡನ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಹೊಲಿಗೆಯಂತ್ರ ಮಾರುತ್ತಿದ್ದವನು, ಆಮೇಲೆ ಮಳೆ ತರಿಸುವವನೆಂದು ಹೆಸರಾದವನು. ಮೊರೀನಾ ಎಂಬ ಜಲಾಶಯವನ್ನು ತುಂಬಿಸಿಕೊಟ್ಟರೆ ಹತ್ತು ಸಾವಿರ ಡಾಲರ್ ಕೊಡುವುದಾಗಿ ಸ್ಯಾನ್ ಡಿಯೇಗೊದ ನಗರಸಭೆ ಅವನಿಗೆ ಬಾಯಿಮಾತಿನ ಒಪ್ಪಿಗೆ ಕೊಟ್ಟಿತು. 1916ರ ಜನವರಿಯಲ್ಲಿ ಅವನು ಜಲಾಶಯದ ಪಕ್ಕದಲ್ಲಿ ಅಟ್ಟಣೆ ಕಟ್ಟಿ, ಅದರ ಮೇಲೆ ರಾಸಾಯನಿಕಗಳ ಹಬೆಯೆಬ್ಬಿಸಿದ. ಮಳೆ ಬಂತು. ಬಂದದ್ದು ನಿಲ್ಲಲಿಲ್ಲ. ಸೇತುವೆಗಳು ಕೊಚ್ಚಿಹೋದವು, ಲೋವರ್ ಓಟೈ ಅಣೆಕಟ್ಟು ಒಡೆಯಿತು, ಜನ ಸತ್ತರು. ಹ್ಯಾಟ್‌ಫೀಲ್ಡ್ ಹಣ ಕೇಳಲು ಹೋದರೆ, ಹಾನಿಯ ಹೊಣೆಯನ್ನೂ ಹೊರುವೆಯಾದರೆ ಕೊಡುತ್ತೇವೆ ಎಂದರಂತೆ. ಅವನಿಗೆ ಬಿಡಿಕಾಸೂ ಸಿಗಲಿಲ್ಲ. ಆ ಮಳೆ ಅವನ ಹಬೆಯಿಂದ ಬಂದದ್ದಲ್ಲ, ಪೆಸಿಫಿಕ್‌ನ ಚಳಿಗಾಲದ ಬಿರುಗಾಳಿಗಳಿಂದ ಬಂದದ್ದು. ನಾವು ನಗಬೇಕಿಲ್ಲ. ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡು ನಮ್ಮದು, 2003ರಲ್ಲಿಯೂ 2017ರಲ್ಲಿಯೂ ಸರಕಾರದ ವತಿಯಿಂದಲೇ ಮೋಡಬಿತ್ತನೆ ಮಾಡಿದವರು ನಾವು. ನಾನು ಹೇಳಹೊರಟದ್ದು ಇಷ್ಟು: ಜಗತ್ತಿನ ಅತ್ಯುತ್ತಮ ಹವೆಯುಳ್ಳ ಊರಿನ ನಗರಸಭೆ ಮಳೆಗಾಗಿ ಮಾಂತ್ರಿಕನನ್ನು ಕರೆಸಬೇಕಾಯಿತು. ಆ ಹತ್ತಿಂಚಾದರೂ ಹದವರಿತು ಬೀಳುವುದಿಲ್ಲ. 2024ರ ಜನವರಿ 22ರಂದು ಒಂದೇ ದಿನದಲ್ಲಿ ಸುಮಾರು 70 ಮಿಲಿಮೀಟರು ಸುರಿದು ನಗರದ ಬಡಜನರ ಬಡಾವಣೆಗಳು ನೀರಿನಲ್ಲಿ ಮುಳುಗಿದವು.

"ಸ್ಯಾನ್ ಫ್ರಾನ್ಸಿಸ್ಕೊವೂ ಹೊರಗಿನ ನೀರನ್ನೇ ಕುಡಿಯುತ್ತದಲ್ಲ ಮಾವ" ಎಂದು ಸೋದರಳಿಯ ನನ್ನನ್ನು ಹಿಡಿದ. ಹಿಡಿಯತಕ್ಕ ಮಾತೇ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ 1923ರಲ್ಲಿ ಅಣೆಕಟ್ಟು ಕಟ್ಟಿ, 1934ರಲ್ಲಿ ನೀರನ್ನು ನಗರಕ್ಕೆ ಹರಿಸಿದರು. ಜಾನ್ ಮ್ಯೂರ್ ಎಂಬ ಮಹಾನುಭಾವ ಆ ಕಣಿವೆಯನ್ನು ಉಳಿಸಲು ಹೋರಾಡಿ ಸೋತು, 1914ರಲ್ಲಿ ತೀರಿಕೊಂಡ. ಆ ನಷ್ಟವನ್ನು ನಾನು ಕ್ಷಮಿಸಿಲ್ಲ. ಆದರೂ ಎರಡು ವ್ಯತ್ಯಾಸಗಳುಂಟು. ಆ ನೀರು ಸಿಯೆರಾ ಪರ್ವತದ ಹಿಮ ಕರಗಿ, ಇಳಿಜಾರಿನಲ್ಲಿ ತಾನಾಗಿಯೇ 270 ಕಿಲೋಮೀಟರು ಹರಿದು ಬರುವ ನೀರು. ಮತ್ತು ನಗರದ ಮೇಲೆಯೇ ವರ್ಷಕ್ಕೆ ಸುಮಾರು 580 ಮಿಲಿಮೀಟರು ಮಳೆ ಬೀಳುತ್ತದೆ, ಸ್ಯಾನ್ ಡಿಯೇಗೊದ ಇಮ್ಮಡಿಗಿಂತ ಹೆಚ್ಚು. ಮಳೆಯಿಲ್ಲದ ಬೇಸಿಗೆಯಲ್ಲಿ ಮಂಜಿನ ಹನಿಗಳೇ ಮರಗಳಿಂದ ತೊಟ್ಟಿಕ್ಕಿ ನೆಲವನ್ನು ತೇವವಾಗಿಡುತ್ತವೆ. ಉತ್ತರದ ಕರಾವಳಿಯ ರೆಡ್‌ವುಡ್ ಮಹಾವೃಕ್ಷಗಳು ಬದುಕಿರುವುದು ನೀವು ಶಪಿಸುವ ಈ ಮಂಜಿನ ಆಸರೆಯಲ್ಲಿ.

ಇನ್ನು ಬೆಂಕಿ. ಶರತ್ಕಾಲದಲ್ಲಿ ಒಳನಾಡಿನ ಎತ್ತರದ ಮರುಭೂಮಿಯ ಮೇಲೆ ಒತ್ತಡ ಹೆಚ್ಚಿದಾಗ ಗಾಳಿ ಕಡಲಿನತ್ತ ತಿರುಗುತ್ತದೆ. ಕಣಿವೆಗಳಲ್ಲಿ ಇಳಿಯುತ್ತ ಪ್ರತಿ ಕಿಲೋಮೀಟರ್ ಇಳಿತಕ್ಕೂ ಸುಮಾರು 10 ಡಿಗ್ರಿ ಬಿಸಿಯೇರುತ್ತ, ಒಣಗುತ್ತ ಬರುತ್ತದೆ. ಸ್ಯಾಂಟಾ ಆನಾ ಎಂದು ಇದರ ಹೆಸರು. ಆರೇಳು ತಿಂಗಳು ಹನಿ ಮಳೆ ಕಾಣದ ಕುರುಚಲು ಕಾಡು ಆಗ ಬಾಣಲೆಗೆ ಬಿದ್ದ ಹಪ್ಪಳದಂತಿರುತ್ತದೆ. 1963ರ ಸೆಪ್ಟೆಂಬರ್ 26ರಂದು ಸ್ಯಾನ್ ಡಿಯೇಗೊದಲ್ಲಿ ಉಷ್ಣಾಂಶ 111 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 44 ಸೆಲ್ಸಿಯಸ್ ಮುಟ್ಟಿತ್ತು. 2003ರ ಅಕ್ಟೋಬರಿನ ಸೀಡರ್ ಕಾಳ್ಗಿಚ್ಚು ಎರಡೂ ಮುಕ್ಕಾಲು ಲಕ್ಷ ಎಕರೆಯಷ್ಟು ಸುಟ್ಟು 15 ಮಂದಿಯನ್ನು ಬಲಿ ತೆಗೆದುಕೊಂಡಿತು, ಎರಡು ಸಾವಿರಕ್ಕೂ ಮಿಕ್ಕಿ ಮನೆಗಳು ಹೋದವು. 2007ರ ಅಕ್ಟೋಬರಿನಲ್ಲಿ ಮತ್ತೆ ಬೆಂಕಿ. ಸುಮಾರು ಐದು ಲಕ್ಷ ಜನರಿಗೆ ಮನೆ ಬಿಡಬೇಕಾಯಿತು. ಆ ವರ್ಷ ನೂರಾರು ಮನೆಗಳು ಉರಿದ ಬಡಾವಣೆಯ ಹೆಸರು ಹೇಳಲೇ? ರಾಂಚೊ ಬರ್ನಾರ್ಡೊ. ಸೋದರಳಿಯ ಅಲ್ಲಿ ಮನೆ ಕೊಳ್ಳುವಾಗ ದಲ್ಲಾಳಿ ಇದನ್ನು ಹೇಳಿರಲಿಲ್ಲವಂತೆ. ಎಪ್ಪತ್ತೆರಡು ಡಿಗ್ರಿಯನ್ನು ಮಾತ್ರ ಮೂರು ಸಲ ಹೇಳಿದ್ದನಂತೆ.

ಸ್ಯಾನ್ ಫ್ರಾನ್ಸಿಸ್ಕೊ ನಿರ್ದೋಷಿಯೆಂದು ನಾನು ಹೇಳುವುದಿಲ್ಲ. 2017ರ ಸೆಪ್ಟೆಂಬರ್ 1ರಂದು ಅಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 41 ಸೆಲ್ಸಿಯಸ್ ದಾಖಲಾಯಿತು. ನಮ್ಮ ರಾಯಚೂರಿನವರು ಏಪ್ರಿಲ್‌ನಲ್ಲಿ ಲೆಕ್ಕಕ್ಕಿಡದ ಅಂಕಿ. ಆದರೆ ಅಲ್ಲಿಯ ಹಳೆಯ ಮನೆಗಳಲ್ಲಿ ತಂಪುಯಂತ್ರವಿಲ್ಲ, ಸೂರಿಗೆ ಫ್ಯಾನೂ ಇಲ್ಲ. ಮನೆಗಳನ್ನು ಕಟ್ಟಿರುವುದೇ ಬಿಸಿಯನ್ನು ಒಳಗೆ ಹಿಡಿದಿಡುವಂತೆ. ಆ ಸೆಕೆಗೆ ವೃದ್ಧರು ತೀರಿಕೊಂಡರು. ತಂಪಿನ ಊರಿನಲ್ಲಿ ಸೆಕೆ ಕೊಲ್ಲುವುದು ಹೀಗೆ, ಯಾರೂ ಸಿದ್ಧರಿಲ್ಲದಾಗ ಬಂದು. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚುಗಳ ಹೊಗೆಯಿಂದ ಹಗಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ ಊರಿಗೆ ಊರೇ ದೀಪ ಹಚ್ಚಿಕೊಂಡು ಕುಳಿತಿತ್ತು. ಉತ್ತರ ಕ್ಯಾಲಿಫೋರ್ನಿಯಾ ಕರಾವಳಿಯ ಬೇಸಿಗೆಯ ಮಂಜು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿದೆಯೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಮಂಜು ಹೋದರೆ ಆ ಊರಿನ ಹವೆಯೇ ಹೋದಂತೆ. ಆದರೂ ಎರಡರಲ್ಲೊಂದನ್ನು ಆರಿಸೆಂದರೆ, ಕಿಟಕಿ ತೆರೆದಿಟ್ಟು ನಡೆದಾಡಬಹುದಾದ, ತನ್ನ ಮರಗಳಿಗೆ ತಾನೇ ನೀರುಣಿಸುವ ಊರನ್ನೇ ನಾನು ಆರಿಸುತ್ತೇನೆ.

ಬೆಂಗಳೂರಿನ ಹಳಬರು ನನ್ನ ಮಾತನ್ನು ಬೇಗ ಅರ್ಥಮಾಡಿಕೊಂಡಾರು. "ನಿವೃತ್ತರ ಸ್ವರ್ಗ" ಎಂದು ಅದನ್ನು ಹೊಗಳಿ ಹೊಗಳಿಯೇ ಜನ ತುಂಬಿದರು. ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಪಂಪು ಮಾಡಿ ಏರಿಸಿದರು. 2016ರ ಏಪ್ರಿಲಿನಲ್ಲಿ 39 ಡಿಗ್ರಿ ದಾಟಿತು, 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಸಾಲು ನಿಂತರು.

ಅಕ್ಕನ ವಿಷಯ. ಅವಳಿಗೆ ಮಂಡಿನೋವಿದೆ, ಚಳಿ ಆಗದು. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಅವಳನ್ನು ಕರೆಸಿದರೆ ಹಾಸಿಗೆ ಬಿಟ್ಟು ಏಳಲಾರಳು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಕಿಗಾಳಿಯ ಸ್ಯಾನ್ ಡಿಯೇಗೊಗೆ ಕರೆಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ವಾಯುಗುಣವೆಂದರೆ ಪಂಚಾಂಗದಂತೆ ತಿಂಗಳು ತಿಂಗಳಿಗೆ ನೋಡತಕ್ಕದ್ದು, ವರ್ಷದ ಸರಾಸರಿಯಿಂದ ಒಬ್ಬ ಮುದುಕಿಯ ಟಿಕೆಟ್ ಮಾಡಿಸಲಾಗದು. ಅವಳು ಚೌತಿ ಮುಗಿಸಿಕೊಂಡು ಹೊರಡಲಿ. ಮಂಜು ಹಿಂದೆ ಸರಿದು, ಸ್ಯಾನ್ ಫ್ರಾನ್ಸಿಸ್ಕೊ ತನ್ನ ವರ್ಷದ ಅತ್ಯಂತ ಬೆಚ್ಚನೆಯ ದಿನಗಳನ್ನು, ಎಂದರೆ 21, 22 ಡಿಗ್ರಿಯ ಹಗಲುಗಳನ್ನು ಕಾಣುವುದು ಆ ಹೊತ್ತಿಗೆ. ನವರಾತ್ರಿ, ದೀಪಾವಳಿ ಮಗಳ ಮನೆಯಲ್ಲಾಗಲಿ. ಸೊಸೆ ಒಂದು ಕೋಣೆಗಾದರೂ ತಂಪುಯಂತ್ರ ಹಾಕಿಸಬೇಕು, 2017ರಂತಹ ದಿನ ಹೇಳಿಕೇಳಿ ಬರುವುದಿಲ್ಲ. ಡಿಸೆಂಬರ್ ಬಂದೊಡನೆ ಸೋದರಳಿಯ ಬಂದು ತಾಯಿಯನ್ನು ದಕ್ಷಿಣಕ್ಕೆ ಕರೆದೊಯ್ಯಲಿ. ಆಗ ಅಲ್ಲಿ 19 ಡಿಗ್ರಿಯ ಎಳೆಬಿಸಿಲು, ಬೆಂಕಿಯ ಭಯವೂ ಕಡಿಮೆ. ವರ್ಷದ ಹತ್ತಿಂಚಿನಲ್ಲಿ ಹೆಚ್ಚಿನ ಪಾಲು ಬೀಳುವುದು ಆ ತಿಂಗಳುಗಳಲ್ಲೇ ಆದ್ದರಿಂದ ಅಕ್ಕನಿಗೆ ಆ ಊರಿನ ಮಳೆಯನ್ನೂ ನೋಡಿದಂತಾಯಿತು. ಇಬ್ಬರಿಗೂ ಈ ತೀರ್ಮಾನವನ್ನು ಬರೆದು ಕಳಿಸಿದ್ದೇನೆ. ಸೋದರಳಿಯ ಇನ್ನೂ ಉತ್ತರ ಬರೆದಿಲ್ಲ.